ಎರಡನೇ ಕಲ್ಲು

“ಸಾರ್, ಇವೆರಡೂ ಒಂದೇ ಕಲ್ಲಲ್ಲ.”

ಪೀಣ್ಯದ ಪಾಲಿಶಿಂಗ್ ಶೆಡ್ಡಿನಲ್ಲಿ ಯಮುನಾಳ ದನಿಯನ್ನು ಇಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ಅವಳು ಉಜ್ಜಿಕೊಟ್ಟ ಉಲ್ಕಾಶಿಲೆಯ ಎರಡು ತುಂಡುಗಳನ್ನು ಲೆನ್ಸಿನಲ್ಲಿ ನೋಡಿ, ವರದಿಗೆ ಸಹಿ ಹಾಕಲು ಹೊರಟಿದ್ದ ವಿಜ್ಞಾನಿ ರುದ್ರೇಶ್ ತಲೆಯೆತ್ತಿದರು. ಅಂಟಾರ್ಕ್ಟಿಕಾದ ಹಿಮದಲ್ಲಿ ಅಕ್ಕಪಕ್ಕ ಸಿಕ್ಕ ತುಂಡುಗಳವು. ಎರಡಕ್ಕೂ ಅದೇ ಕಪ್ಪು ಸಿಪ್ಪೆ, ಒಳಗೆ ಅದೇ ದುಂಡು ಕಾಳುಗಳು. ‘ಒಂದೇ ಕಲ್ಲು ಒಡೆದದ್ದು, ಕಬ್ಬಿಣ ಕಡಿಮೆ’ ಎಂದು ಬರೆದಾಗಿತ್ತು. ಸಹಿ ಬಿದ್ದರೆ ಎರಡನೇ ಕಲ್ಲು ದಾಖಲೆಯಲ್ಲೇ ಇರುತ್ತಿರಲಿಲ್ಲ.

“ಒಂಬತ್ತನೇ ಕ್ಲಾಸ್ ಬಿಟ್ಟೋಳು, ಸಾರ್‌ಗೇ ಪಾಠ ಹೇಳ್ತೀಯೇನಮ್ಮ?” ಮಾಲೀಕ ಮುನಿಕೃಷ್ಣ ನಕ್ಕ.

ಯಾರ ಮಾಲೇ ಇರಲಿ, ಉಜ್ಜುವಾಗ ಉದುರಿದ ಪುಡಿಯನ್ನು ಬೇರೆ ಬೇರೆ ಕಟ್ಟಿಡುವುದು ಶೆಡ್ಡಿನ ರೂಢಿ. ಯಮುನಾ ಎರಡು ಪೊಟ್ಟಣ ಬಿಚ್ಚಿದಳು. ಸ್ಟೀಲ್ ಪರೀಕ್ಷಿಸುವ ಅಯಸ್ಕಾಂತವನ್ನು ಮೊದಲ ಕಾಗದದ ಕೆಳಗೆ ಸರಿಸಿದಳು. ಪುಡಿ ಅಲ್ಲಲ್ಲಿ ಅಲುಗಿತು, ಅಷ್ಟೇ. ಎರಡನೆಯದರ ಕೆಳಗೆ ಸರಿಸಿದಾಗ ಪುಡಿಯೆಲ್ಲ ಬೆಕ್ಕಿನ ಬೆನ್ನಿನ ಕೂದಲಿನಂತೆ ಎದ್ದು ನಿಂತು, ಅವಳ ಕೈ ಹೋದ ಕಡೆಗೇ ನಡೆಯಿತು.

“ಉಜ್ಜೋ ಚಕ್ರದ ಕಬ್ಬಿಣ ಬೆರೆತಿರ್ಬೋದಲ್ವಾ?” ರುದ್ರೇಶ್ ಕೇಳಿದರು.

“ಎರಡಕ್ಕೂ ಒಂದೇ ಚಕ್ರ ಸಾರ್. ಒಂದೇ ಹೊತ್ತು ಉಜ್ಜಿದ್ದೀನಿ. ಇದು ಮಾತ್ರ ಚಕ್ರಕ್ಕೆ ಕಚ್ಕೊಂಡು ಕೈನ ಎಳೀತಿತ್ತು. ಇದ್ರಲ್ಲೇ ಕಬ್ಬಿಣ ಜಾಸ್ತಿ.”

ರುದ್ರೇಶ್ ಎರಡನೇ ಪುಡಿಯ ಕಾಗದವನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ವರದಿಯಲ್ಲಿ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಹೊಸ ಹಾಳೆಯ ಮೇಲೆ ‘ಎರಡನೇ ಕಲ್ಲು’ ಎಂದು ಬರೆದು, ಪಕ್ಕದ ಸ್ಟೂಲನ್ನು ಅವಳ ಕಡೆ ಎಳೆದರು.

“ಉಜ್ಜಿದ್ದು ನೀವು. ಹೇಳಿ, ಬರ್ಕೋತೀನಿ.”