ಹತ್ತನೇ ಒಂದು ಅಳತೆ

ಡಿಪೋ ಮೆಕ್ಯಾನಿಕ್ ಕರಿಬಸಪ್ಪ ಮನೆಯಲ್ಲೊಂದು ಪುಟಾಣಿ ಲಾರಿ ಕಟ್ಟುತ್ತಿದ್ದ. ಎಲ್ಲವೂ ಅಸಲಿನ ಹತ್ತನೇ ಒಂದು ಅಳತೆ. ಕೂದಲೆಳೆ ತಪ್ಪಿದರೂ ಕಿತ್ತು ಮತ್ತೆ ಮಾಡುವವನು. ಹಿಂಬಾಗಿಲಿನ ಕೊಂಡಿ ಮಾತ್ರ ಮೂರು ವಾರದಿಂದ ಕೂತಿರಲಿಲ್ಲ. ಡೀಸೆಲ್ ಟ್ಯಾಂಕಿಗೆ ತಗಡು ಸಾಲದೆ ತನ್ನ ಊಟದ ಕ್ಯಾರಿಯರನ್ನೇ ಕತ್ತರಿಸಿಬಿಟ್ಟ.

"ನಾಳೆ ಬುತ್ತಿ ಯಾವ್ದ್ರಾಗೆ ಕಟ್ಲಿ?" ಹೆಂಡತಿ ಹಾಲಮ್ಮ ಕೇಳಿದಳು.

"ತಗಡು ಉಳ್ದೈತಲ್ಲ, ನೀನೇ ಒಂದು ಮಾಡ್ಕ," ಎಂದ, ಲಾರಿಯಿಂದ ಕಣ್ಣೆತ್ತದೆ.

ಮರುದಿನ ಡಿಪೋದಲ್ಲಿ ಹಸಿದು ಚೀಲ ಬಿಚ್ಚಿದರೆ, ಹೆಬ್ಬೆರಳಿನ ಗಾತ್ರದ ಮೂರಂತಸ್ತಿನ ಕ್ಯಾರಿಯರ್, ಪಕ್ಕದಲ್ಲಿ ಬಿಗಿಯಾಗಿ ಕೂತ ಪುಟ್ಟ ಕೊಂಡಿ. ಮೇಲಿನ ಡಬ್ಬಿಯಲ್ಲಿ ನಾಲ್ಕು ಅಗುಳು ಅನ್ನ, ನಡುವಿನದರಲ್ಲಿ ಒಂದು ತೊಟ್ಟು ಸಾರು, ಕೆಳಗಿನದರಲ್ಲಿ ಸಾಸಿವೆಯಷ್ಟು ಉಪ್ಪಿನಕಾಯಿ.

ಅಷ್ಟರಲ್ಲಿ ಫೋನು ಬಂತು. "ಊಟ ಆತಾ?" ಹಾಲಮ್ಮ ಕೇಳಿದಳು.

ಕ್ಯಾರಿಯರನ್ನು ಅಳೆಯುತ್ತಿದ್ದ ಕರಿಬಸಪ್ಪ ಅಳತೆಪಟ್ಟಿ ಕೆಳಗಿಟ್ಟ.

"ಊಟದ ಮಾತು ಬಿಡು. ಈ ಕೊಂಡಿ ಹೆಂಗೆ ಕೂರ್ಸಿದೆ?"