ಅಜ್ಜಿ ಇಲ್ಲದ ಚಿತ್ರ

"ನಮ್ಮಮ್ಮನ್ನ ಎಲ್ಲಿ ಹಾಕಿದ್ರಿ?"

ರಿಸಾರ್ಟಿನ ಪ್ರಚಾರ ವಿಭಾಗದ ಬಾಗಿಲು ತಳ್ಳಿಕೊಂಡು ಬಂದ ಮುದುಕ ಕೇಳಿದ. ಒಂದು ಕೈಯಲ್ಲಿ ಬಟ್ಟೆ ಸುತ್ತಿದ ಕುಡುಗೋಲು, ಇನ್ನೊಂದರಲ್ಲಿ ಆ ದಿನದ ಪತ್ರಿಕೆ. ಅಲ್ಲಿ ಕೆಲಸ ಮಾಡುವ ಬೋರಾಮ್ ಕುರ್ಚಿಯಿಂದ ಎದ್ದಳು. ಪತ್ರಿಕೆಯಲ್ಲಿದ್ದದ್ದು ಅವಳೇ ಕಳಿಸಿದ ಚಿತ್ರ. ಮುಂದೆ ಗಾಲ್ಫ್ ಮೈದಾನ, ಹಿಂದೆ ಎತ್ತು ಮಲಗಿದಂತೆ ಕಾಣುವ ಬೆಟ್ಟ, ಆ ಎತ್ತಿನ ಬೆನ್ನ ಮೇಲೆ ಚಳಿಗಾಲದಲ್ಲಿ ಜನ ಹಿಮದಲ್ಲಿ ಜಾರಿಕೊಂಡು ಇಳಿಯುವ ದಾರಿಗಳು. ಚಿತ್ರದ ಕೆಳಗೆ ಅವಳೇ ಬರೆದ ಸಾಲು: 'ಕಣ್ಣಿಗೆ ಯಾವ ಅಡ್ಡಿಯೂ ಇಲ್ಲದ ಹಸಿರು.'

ಅಡ್ಡಿ ಇತ್ತು. ಮೈದಾನದ ಏಳನೇ ಕುಳಿಗೆ ಹೋಗುವ ಹಾದಿಯಲ್ಲಿ, ಹುಲ್ಲು ಹೊದ್ದ ಒಂದು ಗೋರಿಯ ದಿಬ್ಬ. ರಿಸಾರ್ಟ್ ಕಟ್ಟುವಾಗ ಊರವರೆಲ್ಲ ತಮ್ಮ ಹಿರಿಯರ ಗೋರಿಗಳನ್ನು ಎತ್ತಿಸಿ ಬೇರೆಡೆಗೆ ಸಾಗಿಸಿದ್ದರು. ಒಪ್ಪದೆ ಉಳಿದವನು ಮಾನ್‌ಸೊಕ್ ಎಂಬ ಈ ಮುದುಕ ಒಬ್ಬನೇ. ಆಟಗಾರರ ಜೊತೆ ಓಡಾಡುವ ಕ್ಯಾಡಿ ಹುಡುಗಿಯರು ಆ ದಿಬ್ಬವನ್ನು 'ಅಜ್ಜಿ' ಎನ್ನುತ್ತಿದ್ದರು. ಚೆಂಡು ಅದರ ಮೇಲೆ ಬಿದ್ದರೆ, "ಅಜ್ಜಿ ಮಡಿಲಿಗೆ ಬಿತ್ತು ಸಾರ್, ತಲೆ ಬಗ್ಗಿಸಿ ಕೇಳಿ ಇಸ್ಕೊಳ್ಳಿ" ಎಂದು ನಗುತ್ತಿದ್ದರು.

ಪತ್ರಿಕೆಗಳಿಗೆ ಕಳಿಸುವ ಮಾಹಿತಿ ಸಿದ್ಧವಾಗುತ್ತಿದ್ದಾಗ ವಿಭಾಗದ ಮುಖ್ಯಸ್ಥ ಕೂ ಎಂಬಾತ ಚಿತ್ರದ ಮೇಲೆ ಬೆರಳಿಟ್ಟಿದ್ದ. "ಏನಮ್ಮಾ ಇದು? ಜನರನ್ನ ಆಟಕ್ಕೆ ಕರೀತಿದ್ದೀವಾ, ತಿಥಿ ಊಟಕ್ಕಾ? ತೆಗಿ ಅದನ್ನ." ಬೋರಾಮ್ ಕಂಪ್ಯೂಟರಿನಲ್ಲಿ ಪಕ್ಕದ ಹುಲ್ಲನ್ನೇ ಎಳೆದು ದಿಬ್ಬದ ಮೇಲೆ ಹರಡಿದ್ದಳು. ಅಲ್ಲಿ ಏನಾದರೂ ಇತ್ತೆಂದು ಅವಳಿಗೇ ಗುರುತು ಸಿಗದಷ್ಟು ನುಣುಪಾಗಿ ಬಂದಿತ್ತು. ಮಾಡಿದ್ದು ಸರಿಯೋ ತಪ್ಪೋ ಎಂದು ಅವತ್ತಿನಿಂದ ಒಳಗೊಳಗೇ ಕೊರೆಯುತ್ತಿತ್ತು.

"ಅಜ್ಜಾ, ಗೋರಿ ಅಲ್ಲೇ ಇದೆ. ಬರೀ ಚಿತ್ರದಲ್ಲಿ ಮಾತ್ರ..."

"ಇದ್ರೆ ಚಿತ್ರದಲ್ಲೂ ಇರ್ಬೇಕಲ್ಲ? ನನ್ನ ಕಣ್ಣಿಗೆ ಪೊರೆ ಬಂದಿದೆ, ಒಪ್ಪಿದೆ. ನಿಮ್ಮ ಕ್ಯಾಮೆರಾಗೂ ಬಂದಿದ್ಯಾ?"

ಮಾತಿನಲ್ಲಿ ತಿಳಿಹೇಳುವುದು ಆಗದ ಕೆಲಸ. ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿಯಲ್ಲಿ ಅವನನ್ನು ಕೂರಿಸಿಕೊಂಡು ಹೊರಟಳು. ದಿಬ್ಬ ಕಣ್ಣಿಗೆ ಬಿದ್ದದ್ದೇ ತಡ, ಗಾಡಿ ನಿಲ್ಲುವ ಮೊದಲೇ ಅವನು ಇಳಿದು ಎಡವುತ್ತ ಓಡಿದ. ಅಂಗೈಯಿಂದ ಹುಲ್ಲನ್ನು ತಟ್ಟಿ ತಟ್ಟಿ ನೋಡಿದ. ಆಮೇಲೆ ಅಲ್ಲೇ ಕುಸಿದು ಕೂತು, ಸದ್ದಿಲ್ಲದೆ ಹೆಗಲು ಕುಲುಕಿಸಿ ಅತ್ತ.

ಸುಗ್ಗಿ ಹುಣ್ಣಿಮೆ ಹತ್ತಿರವಿತ್ತು. ಎಲ್ಲರೂ ಹಿರಿಯರ ಗೋರಿಯ ಹುಲ್ಲು ಕೊಯ್ಯುವ ಕಾಲ. ಅತ್ತು ಮುಗಿಸಿದ ಮುದುಕ ಕುಡುಗೋಲಿನ ಬಟ್ಟೆ ಬಿಚ್ಚಿ ದಿಬ್ಬದ ಸುತ್ತ ಕೊಯ್ದ, ಜೇಬಿನ ಬಾಟಲಿಯಿಂದ ಅಕ್ಕಿ ಹೆಂಡ ಸುರಿದ, ಎರಡು ಸಲ ನೆಲಕ್ಕೆ ಹಣೆ ಮುಟ್ಟಿಸಿದ. ತಾನೂ ಬಾಗಬೇಕೋ ಬೇಡವೋ ತಿಳಿಯದೆ ಬೋರಾಮ್ ಅರ್ಧ ಬಾಗಿ ನಿಂತಳು.

"ಮಗಳೇ, ನೀವು ಕಳಿಸೋ ಚಿತ್ರ ಹೊರದೇಶಕ್ಕೂ ಹೋಗುತ್ತಂತೆ. ಹೌದಾ?"

"ಹೌದು ಅಜ್ಜಾ. ಅಮೆರಿಕ, ಯುರೋಪು... ಅಲ್ಲಿನ ಪತ್ರಿಕೆಗಳಿಗೂ ಹೋಗುತ್ತೆ."

"ಅದಕ್ಕೇ ನಾನು ನಿಮ್ಮವರ ಜೊತೆ ಜಗಳ ಆಡ್ಲಿಲ್ಲ. ಅಮ್ಮನ ಸುತ್ತ ಏನು ಬೇಕಾದ್ರೂ ಆಡ್ಕೊಳ್ಲಿ, ಚಿತ್ರ ಆದ್ರೂ ದೂರ ಹೋಗುತ್ತಲ್ಲ ಅಂತ ಸುಮ್ನಿದ್ದೆ." ಅವನು ಕುಡುಗೋಲನ್ನು ಹುಲ್ಲಿಗೆ ಒರೆಸಿದ. "ಅಮ್ಮ ಹೋದ್ಮೇಲೆ ಮನೇಲಿ ಹೊಟ್ಟೆಗಿಲ್ಲ. ನಮ್ಮಕ್ಕನ್ನ ಹೊರದೇಶದವರಿಗೆ ಸಾಕೋಕೆ ಕೊಟ್ಬಿಟ್ರು. ಹೊರಡೋ ದಿನ ಕೂಸಾಗಿದ್ದ ನನ್ನನ್ನ ಬೆನ್ನಿಗೆ ಕಟ್ಕೊಂಡು ಇಲ್ಲಿಗೆ ಬಂದ್ಳಂತೆ. 'ಎತ್ತಿನ ಬೆಟ್ಟ, ಅದರ ಮುಂದೆ ಅಮ್ಮ. ಇಷ್ಟು ನೆನಪಿದ್ರೆ ಸಾಕು, ವಾಪಸ್ ಬರೋಕೆ ದಾರಿ ಸಿಗುತ್ತೆ. ಅಮ್ಮನ್ನ ಮಾತ್ರ ಎಲ್ಲಿಗೂ ಕಳಿಸ್ಬೇಡ' ಅಂದಿದ್ಳಂತೆ. ಅಪ್ಪ ಸಾಯೋವರೆಗೂ ಹೇಳ್ತಿದ್ದ. ಅವಳಿಗೀಗ ನಮ್ಮ ಭಾಷೆ ಮರೆತಿರುತ್ತೆ. ಊರಂತೂ ಇಲ್ಲವೇ ಇಲ್ಲ. ಅವಳಿಗೆ ಗುರುತು ಸಿಗೋಕೆ ಉಳಿದಿರೋದು ಇವೆರಡೇ."

ಬೋರಾಮ್ ಎತ್ತಿನ ಬೆಟ್ಟದ ಕಡೆ ನೋಡಿದಳು. ದಿಬ್ಬದ ಕಡೆ ನೋಡಲಾಗಲಿಲ್ಲ.

"ಯಾರು ಮಗಳೇ ಅಳಿಸಿದ್ದು?"

"ಅದು... ಕಂಪ್ಯೂಟರ್, ಅಜ್ಜಾ."

"ಓ, ಕಂಪ್ಯೂಟರಾ." ಮುದುಕ ಸಮಾಧಾನಗೊಂಡ. "ಹೋಗ್ಲಿ ಬಿಡು. ಅದಕ್ಕೇನು ಅಮ್ಮನೇ, ಅಕ್ಕನೇ."

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಆ ಕಡೆ ಮುಖ್ಯಸ್ಥ ಕೂ. "ಎಲ್ಲಿ ಹಾಳಾಗಿ ಹೋಗಿದ್ದೀಯ? ಹೊರದೇಶದ ಪತ್ರಿಕೆಗಳಿಗೆ ಕಳಿಸಿದ್ಯೋ ಇಲ್ವೋ?"

"ಇಲ್ಲ ಸಾರ್. ಇನ್ನೂ ಒಂದು ಚಿತ್ರ ತೆಗೆಯೋದಿದೆ."

ಕೂ ಇನ್ನೇನೋ ಹೇಳುವ ಮೊದಲು ಫೋನಿಟ್ಟಳು. ಅದೇ ಫೋನಿನ ಕ್ಯಾಮೆರಾ ತೆರೆದು ಹಿಂದೆ ಹಿಂದೆ ಸರಿದಳು. ಎತ್ತಿನ ಬೆಟ್ಟ ಪೂರ್ತಿ ಬಂತು, ದಿಬ್ಬ ಬಂತು, ಪಕ್ಕದಲ್ಲಿ ಮುದುಕನೂ ಬಂದ. ಅವನು ಟೋಪಿ ತೆಗೆದು ಇದ್ದ ನಾಲ್ಕು ಕೂದಲನ್ನು ನೀವಿಕೊಂಡು, ಸೆಟೆದು ನಿಂತ. ಅವಳು ಇನ್ನೇನು ಒತ್ತಬೇಕು, "ತಡಿ ತಡಿ" ಎಂದು ಕೈಯಾಡಿಸಿದ. ಚಿತ್ರದಿಂದ ಆಚೆ ದೂರ ನಡೆದ. ಕುಡುಗೋಲು ಅಲ್ಲೇ ಉಳಿದದ್ದು ಕಂಡು ಮತ್ತೆ ಓಡಿ ಬಂದು ಅದನ್ನೂ ಎತ್ತಿಕೊಂಡು ಹೋದ.

"ಅಮ್ಮನ್ನ ಮಾತ್ರ ತೆಗಿ ಮಗಳೇ. ಅಕ್ಕ ಬಿಟ್ಟು ಹೋಗಿದ್ದು ಬೆನ್ನ ಮೇಲಿನ ಕೂಸನ್ನ. ಈ ಮುದುಕನ್ನ ನೋಡಿದ್ರೆ, ಇದು ಬೇರೆ ಯಾರದೋ ಅಮ್ಮ ಅಂದ್ಕೊಂಡ್ಬಿಟ್ಟಾಳು."