ಬ್ಯಾನರಿನ ಹಿಂದಿನ ಬೋರ್ಡು

"ಮೇಷ್ಟ್ರಿಗೆ ಈಜು ಬರದಿದ್ರೆ ನಾನು ಹೊಣೆನಾ? ನೀರಿಗಿಳಿಯೋರಿಗೆ ಬುದ್ಧಿ ಬೇಡ್ವಾ?" ಕೆರೆ ದಂಡೆಯ ಟೀ ಅಂಗಡಿಯವನು ಹೆಂಡತಿಯ ಮೇಲೆ ರೇಗಿದ.

"ಬುದ್ಧಿ ಹೇಳೋ ಬೋರ್ಡಿಗೇ ಮುಸುಕು ಹಾಕಿದ್ರಲ್ಲ," ಎಂದು ಅವಳು 'ಬಿಸಿ ಟೀ, ತಣ್ಣನೆ ಜ್ಯೂಸ್' ಬ್ಯಾನರನ್ನು ಕಿತ್ತೆಳೆದಳು. ಹಿಂದೆ ಕೆಂಪಕ್ಷರ ಕಂಡಿತು: ಆಳ ಇಪ್ಪತ್ತಡಿ, ಇಳಿಯಬೇಡಿ. ಬೆಳಿಗ್ಗೆ ಮುಳುಗಿ ಸತ್ತ ಮೇಷ್ಟ್ರು ಅದರ ಬುಡದಲ್ಲೇ ಚಪ್ಪಲಿ ಬಿಟ್ಟು ಇಳಿದಿದ್ದರು.

"ಆ ಕಡೆ ತುದಿ ಹಿಡಿದು ಹಗ್ಗ ಬಿಗಿದವಳು ನೀನೇ. ಆಗ ನಾಲಿಗೆ ಬಿದ್ದುಹೋಗಿತ್ತಾ?"

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. "ಹೌದು, ನಾನೇ ಬಿಗಿದೆ. ಸ್ಟೇಷನ್ನಿಗೆ ಹೋಗಿ ಇಬ್ಬರ ಹೆಸರೂ ಹೇಳ್ತೀನಿ."

"ಹೋದ್ರೆ ಮತ್ತೆ ಈ ಕಡೆ ಮುಖ ಹಾಕ್ಬೇಡ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟಳು. ಮತ್ತೆ ಆ ಕಡೆ ಮುಖ ಹಾಕಲಿಲ್ಲ.